ಅತ್ತೆಯ ಪಕ್ಷ

ಕೊಪ್ಪದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅತ್ತೆಗೂ ನನಗೂ ಎರಡೇ ವಿಷಯದಲ್ಲಿ ಹೊಂದುವುದಿಲ್ಲ. ಒಂದು, ಒಂದೆಲಗದ ತಂಬುಳಿಗೆ ಬೆಲ್ಲ ಹಾಕಬೇಕೋ ಬೇಡವೋ. ಎರಡು, ದೇಶ. ತಂಬುಳಿಯಲ್ಲಿ ನಾನು ಎಂದೋ ಸೋತಿದ್ದೇನೆ. ದೇಶದ್ದು ಇನ್ನೂ ನಡೆಯುತ್ತಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ವಯಸ್ಸು ಎಂಬತ್ತು ದಾಟಿದೆ. ಮೊದಲ ವೋಟು ಹಾಕಿದ್ದು 1967ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಂದೇ ಪಕ್ಷ. ಪಕ್ಷದ ಗುರುತು ಜೋಡೆತ್ತಿನಿಂದ ಹಸು-ಕರುವಾಯಿತು, ಹಸು-ಕರು ಹೋಗಿ ಕೈ ಬಂತು. ಅತ್ತೆ ಮಾತ್ರ ಹಾಗೇ ಇದ್ದಾರೆ. ನಾನು ಯಾವುದಕ್ಕೆ ಒತ್ತುತ್ತೇನೆ ಎಂದು ಇಲ್ಲಿ ಹೇಳುವುದಿಲ್ಲ. ಕೈಗಲ್ಲ ಅಂದರೆ ಸಾಕು.

ನಮ್ಮ ಜಗಳ ಶುರುವಾಗುವುದು ಸಾಮಾನ್ಯವಾಗಿ 1978ರಿಂದ. ಆ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆಗೆ ನಿಂತರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಎಪ್ಪತ್ತೇಳು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಅತ್ತೆ ಇದನ್ನು ತಾವೇ ಗೆಲ್ಲಿಸಿದಂತೆ ಹೇಳುತ್ತಾರೆ. ನಾನು ಕಾಲೆಳೆಯುತ್ತೇನೆ: "ಗೆದ್ದು ಏನು ಬಂತು? ಡಿಸೆಂಬರಿನಲ್ಲೇ ಸದಸ್ಯತ್ವ ಹೋಯ್ತು. 1980ರಲ್ಲಿ ನಿಮ್ಮನ್ನೆಲ್ಲ ಬಿಟ್ಟು ರಾಯ್‌ಬರೇಲಿಗೆ, ಮೇದಕ್‌ಗೆ ಹೋದ್ರಲ್ಲ!" ಅತ್ತೆ ಹಲಸಿನ ತೊಳೆ ಬಿಡಿಸುತ್ತಲೇ ಹೇಳುತ್ತಾರೆ: "ಬಾಣಂತನಕ್ಕೆ ಬಂದ ಮಗಳು ತವರಲ್ಲೇ ಕೂರ್ತಾಳೇನೋ ಮಾರಾಯ?"

ಇದಕ್ಕೆ ಉತ್ತರ ಹುಡುಕುತ್ತಾ ಇದ್ದೇನೆ. ಹತ್ತು ವರ್ಷವಾಯಿತು.

ಅತ್ತೆಯ ಗಂಡನ ಮನೆಯವರು ಗೇಣಿ ಒಕ್ಕಲು. ಬೆಳೆದ ಭತ್ತದಲ್ಲಿ ಅಳೆದು ಕೊಟ್ಟು ಉಳಿದದ್ದು ಮನೆಗೆ. ಮಳೆ ಕೈಕೊಟ್ಟ ವರ್ಷವೂ ಗೇಣಿ ತಪ್ಪುತ್ತಿರಲಿಲ್ಲ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಕಾನೂನು ಜಾರಿಗೆ ಬಂದಾಗ ಮಾವ ಹೆದರುತ್ತಲೇ ಡಿಕ್ಲರೇಷನ್ ಹಾಕಿದರು. ಭೂ ನ್ಯಾಯಮಂಡಳಿಗೆ ಎಷ್ಟೋ ಸಲ ಅಲೆದ ಮೇಲೆ ಎರಡೂವರೆ ಎಕರೆ ಗದ್ದೆ ಅವರ ಹೆಸರಿಗಾಯಿತು. ಮೊದಲ ವರ್ಷದ ಭತ್ತ ಪೂರ್ತಿ ಮನೆಗೆ ಬಂದಾಗ ಇಡಲು ಪಣತದಲ್ಲಿ ಜಾಗವಿರಲಿಲ್ಲವಂತೆ. ಜಗಲಿಯಲ್ಲಿ ರಾಶಿ ಹಾಕಿ, ರಾತ್ರಿ ಅದರ ಪಕ್ಕದಲ್ಲೇ ಮಲಗಿದ್ದರಂತೆ. 1979ರಲ್ಲಿ ಅರಸರೂ ಇಂದಿರಾ ಅವರೂ ಬೇರೆಯಾದಾಗ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು.

ಆ ಭತ್ತದ ರಾಶಿಯ ಎದುರು ನಾನು ಪೇಪರಿನಲ್ಲಿ ಓದಿದ್ದನ್ನು ಹಿಡಿದುಕೊಂಡು ಹೋಗಿ ನಿಲ್ಲುತ್ತೇನೆ! ಆದರೂ ಬಿಡುವುದಿಲ್ಲ. ತುರ್ತು ಪರಿಸ್ಥಿತಿ ಎತ್ತುತ್ತೇನೆ. ಅದು ಅಪ್ಪನ ಅಸ್ತ್ರ. ಆಗ ಅಪ್ಪನ ಗೆಳೆಯರೊಬ್ಬರು ಜೈಲು ಕಂಡಿದ್ದರು. ಅದಕ್ಕೇ ಅಪ್ಪ 1978ರಲ್ಲಿ ಪಾಟೀಲರ ಪರವಾಗಿ ಮನೆಮನೆ ತಿರುಗಿದ್ದು. ತಿರುಗಿ ತಿರುಗಿ ರಾತ್ರಿ ಊಟಕ್ಕೆ ಬರುತ್ತಿದ್ದದ್ದು ಅಕ್ಕನ ಮನೆಗೆ. ಬಡಿಸುತ್ತಾ ಅತ್ತೆ ಬಯ್ಯುವುದು, ಉಣ್ಣುತ್ತಾ ಅಪ್ಪ ಬಯ್ಯುವುದು. ಒಬ್ಬರೂ ಬಾಗಿಲು ಹಾಕಿಕೊಳ್ಳಲಿಲ್ಲ. ಈಗ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್‌ಗೆ ಇಬ್ಬರು ಬಿಟ್ಟುಹೋದರು. ಅತ್ತೆಗೆ ವಾಟ್ಸಾಪ್ ಇಲ್ಲ, ಪುಣ್ಯ.

ಅಪ್ಪ ಹೋದ ಮೇಲೆ ಆ ಜಗಳ ನನ್ನ ಪಾಲಿಗೆ ಬಂತು. ಊರಿನವರು ರಾಜಕೀಯ ತೆಗೆದರೆ ಅತ್ತೆ "ಹೌದಾ, ಹೌದಾ" ಎಂದು ಸುಮ್ನೆ ಒಳಗೆ ಎದ್ದುಹೋಗುತ್ತಾರೆ. ನಾನು ಹೋದರೆ ಮಾತ್ರ ಕಾಫಿ ಆರುವ ಮೊದಲೇ ಶುರು. ಮಾತು ಕಾವೇರಿದಾಗ ಒಮ್ಮೊಮ್ಮೆ ನನ್ನನ್ನು ಅಪ್ಪನ ಹೆಸರಿನಿಂದ ಕರೆದುಬಿಡುತ್ತಾರೆ. ನಾನು ತಿದ್ದುವುದಿಲ್ಲ. ಅಪ್ಪ ಹೇಗೆ ಹೇಳುತ್ತಿದ್ದರೋ ಹಾಗೇ ಉತ್ತರ ಕೊಡುತ್ತೇನೆ. ನಿಜ ಹೇಳಬೇಕೆಂದರೆ, ಅದರಲ್ಲಿ ಕೆಲವು ಮಾತು ನನಗೇ ಈಗ ಪೂರ್ತಿ ಒಪ್ಪಿಗೆಯಿಲ್ಲ.

2023ರ ವಿಧಾನಸಭೆ ಚುನಾವಣೆಗೆ ಎಂಬತ್ತು ದಾಟಿದವರು ಮನೆಯಿಂದಲೇ ವೋಟು ಹಾಕಬಹುದು ಎಂದಾಯಿತು. ಅತ್ತೆ ಒಪ್ಪಲಿಲ್ಲ. "ಗುಟ್ಟಿನ ವೋಟು ಜಗಲಿ ಮೇಲೆ ಕೂತು ಹಾಕೋದಾ? ನಿನ್ನಂಥವರು ಇಣುಕಿದ್ರೆ?" ನನ್ನ ವೋಟೂ ಅದೇ ಊರಲ್ಲಿದೆ. ಹಾಗಾಗಿ ಕಾರು ತಂದು ಬೂತಿಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಮೇ 10, ಬಿಸಿಲು ಚುರುಗುಡುತ್ತಿತ್ತು. ಅತ್ತೆಗೆ ಅಂಗಳದಲ್ಲಿ ಹರವಿದ ಹಲಸಿನಕಾಯಿ ಹಪ್ಪಳದ್ದೇ ಚಿಂತೆ. ದಾರಿಯಲ್ಲಿ ನಾನೊಂದು ರಾಜಿಸೂತ್ರ ಇಟ್ಟೆ. "ಹೇಗೂ ನನ್ನದಕ್ಕೂ ನಿಮ್ಮದಕ್ಕೂ ವಜಾ. ಇಬ್ಬರೂ ವಾಪಸ್ ಹೋಗಿ ಹಪ್ಪಳ ಕಾಯೋಣ." ಅತ್ತೆ ಯೋಚಿಸಿದರು. "ಮೊದಲು ಧರ್ಮಸ್ಥಳದ ಆಣೆ ಮಾಡು, ಆಮೇಲೆ ಬಂದು ಹಾಕಲ್ಲ ಅಂತ." ನಾನು ಗೇರ್ ಬದಲಿಸಿದೆ.

ಒಳಗೆ ಹೋದವರು ಬೇಗ ಬರಲಿಲ್ಲ. ಮತ ಬಿದ್ದ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣುತ್ತದೆ. ಅದು ಮರೆಯಾಗುವವರೆಗೂ ಕದಲದೆ ನೋಡಿದರಂತೆ. ಎಡಗೈ ಬೆರಳಿನ ಮಸಿ ತೋರಿಸುತ್ತಾ ಹೊರಗೆ ಬಂದು "ಹೋಗು, ಈಗ ನಿಂದು ಹಾಕಿ ದೇಶ ಉದ್ಧಾರ ಮಾಡು" ಎಂದರು.

ಮೂರು ದಿನ ಬಿಟ್ಟು ಎಣಿಕೆ. ನಮ್ಮ ಶೃಂಗೇರಿ ಕ್ಷೇತ್ರದ್ದು ಕೊನೆಯವರೆಗೂ ಎಳೆದಾಡಿತು. ಅತ್ತೆಯ ಪಕ್ಷ ಗೆದ್ದಿತು ಎಂದು ಘೋಷಿಸಿದರು. ಅಂತರ 201 ವೋಟು. ಕಾರು ಕೆಟ್ಟಿದೆ ಎಂದಿದ್ದರೂ ಇನ್ನೂರು ಉಳಿಯುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ. ಅತ್ತೆ ಫೋನ್ ಮಾಡಿ ಚುನಾವಣೆಯ ಸುದ್ದಿಯನ್ನೇ ಎತ್ತಲಿಲ್ಲ. "ಹಪ್ಪಳ ಒಣಗಿದೆ. ಮಳೆ ಹಿಡಿಯೋದರೊಳಗೆ ಬಂದು ತಗೊಂಡು ಹೋಗು" ಎಂದಷ್ಟೇ ಹೇಳಿದರು.

ಹೋದೆ. ಐವತ್ತರ ನಾಲ್ಕು ಕಟ್ಟು, ಬಾಳೆನಾರಿನಲ್ಲಿ ಕಟ್ಟಿ ಇಟ್ಟಿದ್ದರು. ಮೇಲೆ ಒಂದೇ ಒಂದು ಬಿಡಿ ಹಪ್ಪಳ.

"ಇದೊಂದು ಯಾಕೆ ಅತ್ತೆ?"

"ನೀನು ಓದಿದವನಲ್ವಾ, ಲೆಕ್ಕ ಹಾಕು" ಎಂದು ಒಳಗೆ ಹೋದರು.