ಸೆಲ್ಲು ಬದಲಾಯಿಸಿ ನೋಡಿದ್ರಾ?

ಮೌಸ್ ನಿಂತಿತು. ಅದೂ ಯಾವಾಗ? ಕರೆಂಟ್ ಬಿಲ್ಲು ಕಟ್ಟಲು ಕೂತು, ಆರ್‌ಆರ್ ನಂಬರಿನಿಂದ ಹಿಡಿದು ಎಲ್ಲ ತುಂಬಿಸಿ, ಇನ್ನೇನು ಬಟನ್ ಒತ್ತಬೇಕು ಅನ್ನುವಾಗ. ಪರದೆಯ ಬಾಣ ಆ ಬಟನ್ನಿಗೆ ಎರಡು ಬೆರಳು ದೂರದಲ್ಲಿ ನಿಂತಿದ್ದು ಕದಲಲೇ ಇಲ್ಲ. ಮೌಸ್ ತಿರುಗಿಸಿ ನೋಡಿದೆ. ಹೊಟ್ಟೆಯ ಕೆಂಪು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಮೇಜಿನ ಮೇಲೆ ಒಂದು ಸಲ ತಟ್ಟಿದೆ. ಏನೇ ಕೆಟ್ಟರೂ ಮೊದಲು ತಟ್ಟುವುದು ನಮ್ಮ ಮನೆತನದ ಪದ್ಧತಿ.

ತಟ್ಟಿದ ಸದ್ದು ಅಡುಗೆಮನೆಗೆ ಕೇಳಿಸಿತು. "ಸೆಲ್ಲು ಬದಲಾಯಿಸಿ ನೋಡಿದ್ರಾ?"

ಈ ಮೌಸಿನ ಗಲಾಟೆಯಲ್ಲಿ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದು. ಆದರೆ ಮೊದಲು ಸೆಲ್ಲಿನ ವಿಷಯ ಮುಗಿಸಿಬಿಡೋಣ. ಇಲ್ಲದಿದ್ದರೆ ನಡುನಡುವೆ ಬಂದು ತೊಂದರೆ ಕೊಡುತ್ತದೆ.

ನಮ್ಮ ಮನೆಯಲ್ಲಿ ಯಾವ ಸೆಲ್ಲೂ ಒಂದೇ ಕಡೆ ಆಯಸ್ಸು ಮುಗಿಸುವುದಿಲ್ಲ. ಹೊಸದು ಮೊದಲು ಮೌಸಿಗೆ. ಅಲ್ಲಿ ಸುಸ್ತಾದ ಮೇಲೆ ಟೀವಿಯ ಹಳೇ ರಿಮೋಟಿಗೆ. ರಿಮೋಟ್ ಒತ್ತಿ ಒತ್ತಿ ಹೆಬ್ಬೆರಳು ನೋಯತೊಡಗಿದಾಗ ಗೋಡೆ ಗಡಿಯಾರಕ್ಕೆ. ಪುಣ್ಯಕ್ಕೆ ಮೂರಕ್ಕೂ ಒಂದೇ ಅಳತೆಯದು. ಗಡಿಯಾರದಂಥ ಅಲ್ಪತೃಪ್ತ ಇನ್ನೊಂದಿಲ್ಲ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದಂತೆ, ಆದರೂ ಅದು ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. 1.5 ವೋಲ್ಟಿನ ಸೆಲ್ಲು ಇಳಿದಿಳಿದು ಬೇರೆ ಯಾರಿಗೂ ಬೇಡವಾದ ಮೇಲೂ ಗಡಿಯಾರ ಅದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಓಡುತ್ತದೆ.

ಈ ವ್ಯವಸ್ಥೆ ನನ್ನದಲ್ಲ, ಅಪ್ಪನದು. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆ. ಸೆಲ್ಲು ಬೇಕಾದ ಸಾಮಾನು ಮನೆಯಲ್ಲಿ ಎರಡೇ: ಟ್ರಾನ್ಸಿಸ್ಟರ್ ರೇಡಿಯೊ ಮತ್ತು ಮೂರು ಸೆಲ್ಲಿನ ಬ್ಯಾಟರಿ, ಅಂದರೆ ಟಾರ್ಚು. ರಾತ್ರಿ ತೋಟದ ಕಡೆ ಹೋಗಬೇಕಾದಾಗ ರೇಡಿಯೊದ ಸೆಲ್ಲು ಬ್ಯಾಟರಿಗೆ. ಬೆಳಿಗ್ಗೆ ವಾರ್ತೆಗೆ ಬ್ಯಾಟರಿಯ ಸೆಲ್ಲು ರೇಡಿಯೊಕ್ಕೆ. ಸೋತು ಹೋದ ಸೆಲ್ಲುಗಳನ್ನು ಬಿಸಿಲಿಗಿಡಬೇಕು. ಇದು ಆಗ ಇಡೀ ನಾಡಿಗೇ ಗೊತ್ತಿದ್ದ ವೈದ್ಯ. ಆದರೆ ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಡದ ಊರಿನಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಅಪ್ಪ ಬಚ್ಚಲೊಲೆಯ ದಂಡೆಯ ಮೇಲೆ ಜೋಡಿಸಿಡುತ್ತಿದ್ದರು. ತೀರಾ ಬೆಂಕಿಯ ಹತ್ತಿರವಲ್ಲ, ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು, ಅಷ್ಟೇ. (ಈಗ ಯಾರೂ ಮಾಡಲು ಹೋಗಬೇಡಿ. ಸೋರುತ್ತದೆ, ಒಡೆಯಲೂಬಹುದು.) ಸ್ನಾನಕ್ಕೆ ಹೋದವರು ಮೈಗೆ ನೀರು ಹೊಯ್ದುಕೊಳ್ಳುವ ಮೊದಲು ಸೆಲ್ಲಿಗೆ ಹನಿ ಸಿಡಿಯದಂತೆ ಅವನ್ನು ಆಚೆ ಸರಿಸಬೇಕಿತ್ತು. ಮರೆತರೆ ಬೈಗುಳ.

ಅಮ್ಮನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. "ಸುಮ್ನೆ ಬಿಟ್ರೂ ಸುಧಾರಿಸ್ಕೊಳ್ತದೆ, ಅದಕ್ಕೆ ಒಲೆ ಯಾಕೆ?" ಅನ್ನುತ್ತಿದ್ದರು. ಇಬ್ಬರದೂ ಸರಿ. ಆ ಕಾಲದ ಸೆಲ್ಲು ಅಂದರೆ ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಕಡ್ಡಿಯ ಸುತ್ತ ಮ್ಯಾಂಗನೀಸ್ ಡಯಾಕ್ಸೈಡಿನ ಕಪ್ಪು ಪುಡಿ. ಬೆಚ್ಚಗಾದರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಸ್ವಲ್ಪ ಹೊತ್ತು ಜೀವ ಬರುತ್ತದೆ. ಸುಮ್ಮನೆ ಬಿಟ್ಟರೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಈ ವಾದ ತೀರ್ಮಾನವಾಗದೆಯೇ ಅವರಿಬ್ಬರ ಸಂಸಾರ ಚೆನ್ನಾಗಿ ನಡೆಯಿತು.

ಪೂರಾ ಸತ್ತ ಸೆಲ್ಲು ಮಕ್ಕಳ ಪಾಲಿಗೆ. ಕಲ್ಲಿನಲ್ಲಿ ಜಜ್ಜಿದರೆ ಕಪ್ಪು ಕಡ್ಡಿ ಇಡಿಯಾಗಿ ಹೊರಗೆ ಬರುತ್ತಿತ್ತು. ಜಗಲಿಯ ಮೇಲೆ ಬರೆಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೈ, ಅಂಗಿ, ಮೂಗು ಎಲ್ಲ ಕಪ್ಪು. ಮತ್ತೆ ಬೈಗುಳ.

ನಿಜವಾದ ಕಷ್ಟ ಇದ್ದದ್ದು ಭದ್ರಾವತಿ ಆಕಾಶವಾಣಿಯಲ್ಲಿ ಅಡಿಕೆ ಧಾರಣೆ ಓದುವ ಹೊತ್ತಿನಲ್ಲಿ. ಇಡೀ ದಿನ ಸರಿಯಾಗಿದ್ದ ರೇಡಿಯೊ, "ಸರಕು ಇಷ್ಟು, ಬೆಟ್ಟೆ ಇಷ್ಟು" ಅಂತ ಹೇಳಿ, "ರಾಶಿ..." ಅನ್ನುವಷ್ಟರಲ್ಲಿ ದನಿ ಸಣ್ಣಗಾಗಿ, ಗೊಗ್ಗರಾಗಿ, ಮಾಯ. ನಮಗೆ ಬೇಕಾದದ್ದು ರಾಶಿ ಅನ್ನುವ ಬಗೆಯ ಅಡಿಕೆಯ ದರ ಒಂದೇ. ಅಪ್ಪ ರೇಡಿಯೊಕ್ಕೆ ಕಿವಿ ಹಚ್ಚುತ್ತಿದ್ದರು. ಆಮೇಲೆ ಅದರ ಬೆನ್ನಿಗೆ ತಟ್ಟುತ್ತಿದ್ದರು. ಆಮೇಲೆ ನಾನು ಬಚ್ಚಲಿಗೆ ಓಡಿ ಬೆಚ್ಚಗಿನ ಸೆಲ್ಲುಗಳನ್ನು ತಂದು ಕೊಡುವ ಹೊತ್ತಿಗೆ ಧಾರಣೆ ಮುಗಿದು ಬೇರೆ ಏನೋ ಶುರುವಾಗಿರುತ್ತಿತ್ತು. ಇನ್ನು ಗುಡ್ಡದಾಚೆಯ ಮನೆಯವರನ್ನು ಕೇಳಬೇಕು. ಅವರು ಹೇಳುವ ದರ ಯಾವಾಗಲೂ ನೂರು ರೂಪಾಯಿ ಕಮ್ಮಿ. ನಾವು ಬೇಜಾರು ಮಾಡಿಕೊಳ್ಳಲಿ ಅಂತ ಬೇಕೆಂದೇ ಹೇಳುತ್ತಿದ್ದರೋ, ಅವರ ರೇಡಿಯೊದಲ್ಲೂ ಅಷ್ಟೇ ಕೇಳಿಸುತ್ತಿತ್ತೋ, ಅಪ್ಪನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ನನಗಂತೂ ಬೇಕೆಂದೇ ಹೇಳುತ್ತಿದ್ದರು ಅಂತಲೇ ಅನುಮಾನ. ಆ ಮನೆಯ ಮದುವೆಗೆ ಹೋದಾಗಲೂ ಎರಡನೇ ಸಲ ಪಾಯಸ ಕೇಳಿದರೆ ಕಿವಿ ಕೇಳಿಸದವರಂತೆ ಮುಂದೆ ಹೋಗಿದ್ದರು.

ಎಲ್ಲಿದ್ದೆ? ಹಾಂ, ಮೌಸ್.

ಹೊಸ ಸೆಲ್ಲು ಹಾಕಿದೆ. ಮೌಸಿನದು ರಿಮೋಟಿಗೆ ಹೋಯಿತು, ರಿಮೋಟಿನದು ಗಡಿಯಾರಕ್ಕೆ. ಟೀವಿ ಚಾನೆಲ್ ಈಗ ಒಂದೇ ಏಟಿಗೆ ಬದಲಾಗುತ್ತದೆ, ಗಡಿಯಾರ ಹಿಂದೆ ಬೀಳುವುದು ಬಿಟ್ಟಿದೆ. ಮೌಸ್ ಒಂದು ಬಿಟ್ಟು ಮನೆಯಲ್ಲಿ ಎಲ್ಲವೂ ಸರಿಹೋಯಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾವ, ಇನ್ನೂ ಲಿನಕ್ಸೇ ಇಟ್ಕೊಂಡಿದೀರಾ? ವಿಂಡೋಸ್ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ ನೀವು" ಅಂದ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ತಂತ್ರಾಂಶ. ಈ ಹುಡುಗನಿಗೆ ಸೊಂಟ ನೋವು ಅಂದರೂ ಲಿನಕ್ಸ್ ಬಿಡಿ ಅನ್ನುತ್ತಾನೆ. ಅವನು ದಿನವಿಡೀ ದುಡಿಯುವ ಸರ್ವರುಗಳು ಓಡುವುದು ಅದೇ ಲಿನಕ್ಸಿನ ಮೇಲೆ. ಸಂಬಳ ಬರುವಾಗ ಸರಿ, ಮಾವನ ಮೇಜಿನ ಮೇಲೆ ಇದ್ದರೆ ತಪ್ಪು.

ಹಾಗಂತ ಲಿನಕ್ಸ್ ಬಳಗದವರು ದೇವರಂಥವರು ಅಂತಲ್ಲ. ಒಬ್ಬರು ಕರ್ನೆಲ್ (ಲಿನಕ್ಸಿನ ತಿರುಳು) ಹೊಸದು ಹಾಕಿ ಅಂದರು. ಇನ್ನೊಬ್ಬರು ಹಳೇ ಕರ್ನೆಲ್‌ಗೆ ವಾಪಸ್ ಹೋಗಿ ಅಂದರು. ಮೂರನೆಯವರು "ನನ್ನ ಮಷೀನಿನಲ್ಲಿ ಚೆನ್ನಾಗಿದೆ" ಅಂದರು. ನಾನು ಅವರ ಮಷೀನಿನ ಕ್ಷೇಮಸಮಾಚಾರ ಕೇಳಿರಲಿಲ್ಲ. ನಾಲ್ಕನೆಯವರು ಮೌಸ್ ಯಾಕೆ ಬೇಕು, ಎಲ್ಲ ಕೀಬೋರ್ಡಿನಲ್ಲೇ ಆಗುತ್ತಲ್ಲ ಅಂದರು. ಆಗುತ್ತದೆ. ಕಂಟ್ರೋಲ್, ಆಲ್ಟ್, ಟಿ ಒತ್ತಿದರೆ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ಬರುತ್ತದೆ. ಮೌಸ್ ಕೀಸ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಆನ್ ಮಾಡಿದರೆ ಕೀಬೋರ್ಡಿನ ಬಲಗಡೆಯ ಅಂಕಿಗಳಲ್ಲಿ ಬಾಣವನ್ನು ಓಡಿಸಬಹುದು. 6 ಒತ್ತಿದರೆ ಬಲಕ್ಕೆ, 8 ಒತ್ತಿದರೆ ಮೇಲಕ್ಕೆ, 5 ಒತ್ತಿದರೆ ಕ್ಲಿಕ್. ಕರೆಂಟ್ ಬಿಲ್ಲನ್ನು ಹಾಗೇ ಕಟ್ಟಿದೆ. ಬಾಣ ಬಟನ್ ದಾಟಿ ಆಚೆ ಹೋಗುವುದು, ವಾಪಸ್ ಬರುವುದು, ಈಚೆ ದಾಟುವುದು. ಅಷ್ಟು ಹೊತ್ತಿಗೆ ಸೆಷನ್ ಮುಗಿಯಿತು, ಮತ್ತೆ ಲಾಗಿನ್ ಆಗಿ ಅಂತ ಬಂತು. ಮತ್ತೆ ಆರ್‌ಆರ್ ನಂಬರ್.

ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಅಂತ ಕೊಟ್ಟರೆ ಕಂಪ್ಯೂಟರಿಗೆ ಏನೇನು ಚುಚ್ಚಿದೆ ಅನ್ನುವ ಪಟ್ಟಿ ಬರುತ್ತದೆ. ನನ್ನದು ವಯರಿಲ್ಲದ ಮೌಸ್; ಅದರ ಮಾತು ಕೇಳಿಸಿಕೊಂಡು ಕಂಪ್ಯೂಟರಿಗೆ ಮುಟ್ಟಿಸುವ ರಿಸೀವರ್ ಪಟ್ಟಿಯಲ್ಲಿ ಇತ್ತು. ಉಗುರಿನಷ್ಟು ದೊಡ್ಡದಾದ ಆ ರಿಸೀವರ್ ಇದ್ದರೆ ಸಾಕು, ಕಂಪ್ಯೂಟರಿನ ಮಟ್ಟಿಗೆ ಎಲ್ಲ ಕುಶಲ. ಒಳಗೆ ಯಾರೂ ಇಲ್ಲದ ಮನೆಯ ಜಗಲಿಯಲ್ಲಿ ಕೂತ ಅಜ್ಜ, ಬಂದವರಿಗೆಲ್ಲ "ಇದಾರೆ, ಒಳಗಿದಾರೆ" ಅನ್ನುವ ಹಾಗೆ. ಕಿತ್ತು ಮತ್ತೆ ಚುಚ್ಚಿದೆ. ಕರ್ನೆಲ್ ತನ್ನ ದಿನಚರಿಯಲ್ಲಿ ಶ್ರದ್ಧೆಯಿಂದ ಬರೆದುಕೊಂಡಿತು: ಹಳೇದು ಹೋಯಿತು, ಹೊಸದು ಬಂತು, ಡಿವೈಸ್ ನಂಬರ್ ಇಷ್ಟು. ಪ್ರತಿ ಸಲ ಕಿತ್ತಾಗಲೂ ನಂಬರ್ ಒಂದು ಜಾಸ್ತಿ. ಅದರ ಪ್ರಕಾರ ನಾನು ಹೊಸ ಹೊಸ ಮೌಸ್ ತಂದು ಚುಚ್ಚುತ್ತಲೇ ಇದ್ದೇನೆ.

ಯುಎಸ್‌ಬಿ ನಿದ್ದೆ ಹೋಗಿರಬಹುದು ಅಂತಲೂ ನೋಡಿದೆ. ಕರೆಂಟ್ ಉಳಿಸಲು ಲಿನಕ್ಸ್ ಕೆಲಸವಿಲ್ಲದ ಯುಎಸ್‌ಬಿ ಸಾಮಾನುಗಳನ್ನು ಮಲಗಿಸಬಲ್ಲದು. ಪವರ್‌ಟಾಪ್ ಥರದ ಉಳಿತಾಯದ ಪ್ರೋಗ್ರಾಂ ಓಡಿಸಿದ್ದರೆ ಮೌಸನ್ನೂ ಜೋಗುಳ ಹಾಡಿ ಮಲಗಿಸಿಬಿಡುತ್ತದೆ. ರಿಸೀವರಿನ ಪವರ್ ಫೈಲಿನಲ್ಲಿ 'ಆಟೋ' ಅಂತ ಇರುವುದನ್ನು 'ಆನ್' ಮಾಡಿದರೆ ನಿದ್ದೆ ಇಲ್ಲ. ಮಾಡಿದೆ. ಈಗ ಅದು ಎದ್ದು ಕೂತುಕೊಂಡೇ ಕೆಲಸ ಮಾಡಲಿಲ್ಲ.

ಆಮೇಲೆ ಫೋಟೋಗಳ ಬ್ಯಾಕಪ್ ಮುಗಿಯಿತು ಅಂತ ಹೊರಗಿನ ಹಾರ್ಡ್ ಡಿಸ್ಕನ್ನು ಕಿತ್ತೆ. ಬಾಣ ಓಡಾಡಿತು.

ಡಿಸ್ಕ್ ಚುಚ್ಚಿದೆ. ನಿಂತಿತು. ಕಿತ್ತೆ. ಓಡಿತು.

ವಿಷಯ ಹಳೆಯದೇ. ಆ ಡಿಸ್ಕ್ ಕೆಲಸ ಮಾಡುವುದು ಯುಎಸ್‌ಬಿ 3.0ರಲ್ಲಿ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವಾಗ ಅದರ ಕನೆಕ್ಟರು ಮತ್ತು ಕೇಬಲ್ಲಿನಿಂದ ರೇಡಿಯೊ ಗದ್ದಲ ಹೊರಬೀಳುತ್ತದೆ. ಆ ಗದ್ದಲ ಬೀಳುವುದು ಸರಿಯಾಗಿ 2.4 ಗಿಗಾಹರ್ಟ್ಜ್ ಪಟ್ಟಿಯ ಮೇಲೆ. ವೈರ್‌ಲೆಸ್ ಮೌಸ್ ಪಿಸುಗುಟ್ಟುವುದೂ ಅಲ್ಲೇ. ಇಂಟೆಲ್‌ನ ಎಂಜಿನಿಯರುಗಳು ಇದನ್ನು ಅಳೆದು 2012ರಲ್ಲೇ ಬರೆದಿಟ್ಟಿದ್ದಾರೆ. ರಿಸೀವರನ್ನು ದೂರ ಇಡಿ, ಸಾಮಾನಿಗೆ ಒಳ್ಳೆಯ ಲೋಹದ ಹೊದಿಕೆ ಹಾಕಿ ಅಂತ ಹೇಳಿದ್ದಾರೆ. ವಿಂಡೋಸ್ ಇದ್ದರೂ ಇದೇ ಗತಿ. ಹಾಗಿರುವಾಗ ಡಿಸ್ಕಿನ ಡಬ್ಬಿಯ ಮೇಲೆ, ಮೌಸಿನ ಡಬ್ಬಿಯ ಮೇಲೆ ಒಂದು ಸಾಲು ಅಚ್ಚು ಹಾಕಲು ಏನು ರೋಗ? ಮೌಸಿನ ಡಬ್ಬಿಯ ಮೇಲೆ ಹದಿನಾರು ಭಾಷೆಯಲ್ಲಿ ಮಕ್ಕಳು ನುಂಗದಂತೆ ನೋಡಿಕೊಳ್ಳಿ ಅಂತ ಇದೆ. ನಮ್ಮ ಮನೆಯಲ್ಲಿ ಮೌಸ್ ನುಂಗುವ ವಯಸ್ಸಿನವರು ಯಾರೂ ಇಲ್ಲ.

ಇನ್ನೊಂದು ಮಾತು ಕೇಳಿಯೇಬಿಡುತ್ತೇನೆ. ವಯರು ಯಾರಿಗೆ ಏನು ಮಾಡಿತ್ತು? 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ, ಬಿಲ್ ಇಂಗ್ಲಿಷ್ ಮಾಡಿಕೊಟ್ಟ ಮೊದಲ ಮೌಸ್ ಒಂದು ಮರದ ಡಬ್ಬಿ. ಕೆಳಗೆ ಎರಡು ಚಕ್ರ, ಮೇಲೆ ಒಂದು ಬಟನ್, ಹಿಂದೆ ವಯರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಂಗೆಲ್‌ಬಾರ್ಟ್ ಸಭೆಯ ಮುಂದೆ ಕೂತು, ಸುಮಾರು ತೊಂಬತ್ತು ನಿಮಿಷ ಮೌಸ್ ಹಿಡಿದು ಜಗತ್ತಿಗೇ ಕಂಪ್ಯೂಟರಿನ ಭವಿಷ್ಯ ತೋರಿಸಿದರು. ಅವರು ಯಾರಿಗೂ "ಸ್ವಲ್ಪ ತಾಳಿ, ಪೇರ್ ಆಗ್ತಿಲ್ಲ" ಅನ್ನಬೇಕಾಗಿರಲಿಲ್ಲ. ವಯರಿದ್ದ ಮೌಸ್ ಕೆಟ್ಟರೆ ಕಾರಣ ಕಣ್ಣಿಗೆ ಕಾಣುತ್ತಿತ್ತು. ಇಲಿ ಕಡಿದಿರುತ್ತಿತ್ತು, ಇಲ್ಲವೇ ಕುರ್ಚಿಯ ಕಾಲು ಹತ್ತಿರುತ್ತಿತ್ತು. ಬೈಯಲು ಒಬ್ಬರು ಸಿಗುತ್ತಿದ್ದರು. ಈಗ ಗಾಳಿಯನ್ನು ಬೈಯಬೇಕು.

ಆ ದೊಡ್ಡ ವಿಷಯಕ್ಕೆ ಈಗ ಬರುತ್ತೇನೆ. ಅದಕ್ಕೆ ಮೊದಲು, ಮೌಸ್ ಸರಿಹೋಗಿದ್ದು ಹೇಗೆ ಅಂತ ಹೇಳಿಬಿಡಬೇಕಲ್ಲ. ಅಂಗಡಿಯಿಂದ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದೆ. ಅದರ ತುದಿಗೆ ರಿಸೀವರ್ ಸಿಕ್ಕಿಸಿ, ಕಂಪ್ಯೂಟರ್ ಡಬ್ಬಿಯ ಹಿಂದಿನಿಂದ ಎಳೆದು, ಮೇಜಿನ ಮೇಲೆ ಮೌಸಿನ ಪಕ್ಕಕ್ಕೇ ತಂದು ಕೂರಿಸಿದೆ. ವೈರ್‌ಲೆಸ್ ಮೌಸಿಗೆ ಈಗ ಮೀಟರುದ್ದದ ವಯರಿದೆ, ಜೊತೆಗೆ ಸೆಲ್ಲೂ ಬೇಕು. ಅಂಗಡಿಯವರು ಕೇಬಲ್ ಕೊಡುವಾಗ "ಏನಕ್ಕೆ ಸಾರ್?" ಅಂತ ಕೇಳಿದರು. ಪ್ರಿಂಟರಿಗೆ ಅಂದೆ.

ಅಕ್ಕನ ಮಗನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಎಂಗೆಲ್‌ಬಾರ್ಟ್ ವಿಷಯದ ಹೊತ್ತಿಗೆ ಅವನು "ಹೂಂ" ಅನ್ನುವುದನ್ನೂ ನಿಲ್ಲಿಸಿದ್ದ. ಕೊನೆಗೆ, "ಬಿಡಿ ಮಾವ, ದೀಪಾವಳಿಗೆ ಬರುವಾಗ ಒಂದು ಬ್ಲೂಟೂತ್ ಮೌಸ್ ತರ್ತೀನಿ, ರಿಸೀವರ್ ರಗಳೆಯೇ ಇರಲ್ಲ" ಅಂದ. ಬ್ಲೂಟೂತ್ ಓಡಾಡುವುದೂ ಅದೇ 2.4ರಲ್ಲೇ. ಸೆಕೆಂಡಿಗೆ 1,600 ಸಲದವರೆಗೆ ಚಾನೆಲ್ ಬದಲಾಯಿಸಿ ತಪ್ಪಿಸಿಕೊಳ್ಳುತ್ತದೆ, ಆದರೆ ಗದ್ದಲ ಇಡೀ ಪಟ್ಟಿಯ ತುಂಬ ಇದ್ದರೆ ಎಲ್ಲಿಗೆ ಹೋಗುತ್ತದೆ? ಇದನ್ನೂ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವನಿಗೆ ಮೀಟಿಂಗ್ ಬಂತಂತೆ.

ತರುವುದಾದರೆ ತರಲಿ. ಸೆಲ್ಲು ಸಮೇತ ತರಲಿ.