ಮುಚ್ಚಳ ಹಾಕಿದ ಪೆಟ್ಟಿಗೆ ಬಗ್ಗುವುದಿಲ್ಲ ಮಾರಾಯ್ರೆ

ನಿನ್ನೆ ಸಂಜೆ ಕೇರಳದ ಕಾಸರಗೋಡು ಕಡೆಯ ಬೇಕಲದ ಹತ್ತಿರ ರಸ್ತೆ ಬದಿಯಲ್ಲಿ, ತಿರುಗಾಟದ ಮನೆ ಮಾಡಿಕೊಂಡ ಒಂದು ಹಳೆಯ ಮಿಲಿಟರಿ ಲಾರಿ ನಿಂತಿತ್ತು. ಹಿಂದೆ ಮನೆಯಂಥ ಪೆಟ್ಟಿಗೆ, ಮೇಲೆ ಸೋಲಾರ್, ಕಿಟಕಿಗೆ ಹೂವಿನ ಪರದೆ. ದೂರಕ್ಕೆ ಚಂದವೇ. ಹತ್ತಿರ ಹೋದರೆ ಬಾಗಿಲನ್ನು ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ಕಿಟಕಿಯ ಮೂಲೆಯಿಂದ ಮಾಡಿನ ತನಕ ಓರೆ ಸೀಳು. ಸೀಳಿನ ಮೇಲೆ ಸಿಲಿಕೋನ್, ಅದರ ಮೇಲೆ ಮತ್ತೂ ಸಿಲಿಕೋನ್. ಬಗ್ಗಿ ಅಡಿ ನೋಡಿದೆ. ಅಂದುಕೊಂಡದ್ದೇ. ಎಂಟು ಯು ಬೋಲ್ಟ್ ಹಾಕಿ ಪೆಟ್ಟಿಗೆಯನ್ನು ಚಾಸಿಗೆ, ಅಂದರೆ ಲಾರಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದು ಬಿಟ್ಟಿದ್ದಾರೆ.

ಮುಚ್ಚಿದ ಪೆಟ್ಟಿಗೆಯನ್ನು ಹೀಗೆ ಉದ್ದಕ್ಕೂ ಚಾಸಿಗೆ ಬಿಗಿಯಬೇಡಿ ಎಂದು ನಾನು ಎಷ್ಟು ಸಲ ಹೇಳಿದ್ದೇನೆಂದು ನಿಮಗೆ ಗೊತ್ತುಂಟು. ಇನ್ನೊಂದು ಸಲ ಹೇಳುತ್ತೇನೆ. ಬೇಜಾರಾದವರು ಕೆಳಗೆ ಸರಿಸಿಕೊಂಡು ಹೋಗಿ.

ಲಾರಿಯ ಚಾಸಿ ಎಂದರೆ ಒಂದು ಏಣಿ. ಉದ್ದಕ್ಕೆ ಸಿ ಆಕಾರದ ಎರಡು ಕಬ್ಬಿಣದ ಚಾನೆಲ್, ನಡುನಡುವೆ ಅಡ್ಡಪಟ್ಟಿಗಳು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಫೋರ್ ಬೈ ಫೋರ್ ಲಾರಿಯ ಎದುರಿನ ಎಡ ಚಕ್ರ ಕಲ್ಲು ಹತ್ತಿದಾಗ, ಹಿಂದಿನ ಎಡ ಚಕ್ರ ಗುಂಡಿಗೆ ಇಳಿದಾಗ ಬರೀ ಕಮಾನು ಪಟ್ಟೆ (ಲೀಫ್ ಸ್ಪ್ರಿಂಗ್) ಬಗ್ಗಿದರೆ ಸಾಲದು, ಏಣಿಯೂ ತಿರುಚಿಕೊಳ್ಳಬೇಕು. ಆಗಲೇ ನಾಲ್ಕು ಚಕ್ರವೂ ನೆಲ ಹಿಡಿಯುವುದು. ಅದು ಚಾಸಿಯ ದೋಷ ಅಲ್ಲ, ಅದರ ಕೆಲಸ.

ಈಗ ಮನೆಯಲ್ಲಿರುವ ಒಂದು ಚಪ್ಪಲಿ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಎರಡು ಕೈಯಲ್ಲಿ ತಿರುಚಿ, ಸುಲಭದಲ್ಲಿ ತಿರುಚುತ್ತದೆ. ಮುಚ್ಚಳ ಹಾಕಿ ಸುತ್ತ ಅಂಟಿಸಿ ತಿರುಚಿ ನೋಡಿ. ಬಗ್ಗುವುದಿಲ್ಲ, ಜೋರು ಮಾಡಿದರೆ ಮೂಲೆ ಹರಿಯುತ್ತದೆ. ಬೇಕಲದಲ್ಲಿ ಹರಿದದ್ದು ಅದೇ ಮೂಲೆ.

ಕೂಡಲೇ ಒಬ್ಬರು ಕೇಳುತ್ತಾರೆ: ‘ಆರ್ಮಿಯವರೇ ಬಾಡಿಯನ್ನು ಚಾಸಿಗೆ ಬಿಗಿದಿರಲಿಲ್ಲವಾ?’ ಬಿಗಿದಿದ್ದರು ಸ್ವಾಮಿ. ಅದು ಮೇಲೆ ತೆರೆದ ಬಾಡಿ, ಬದಿಗೆ ಕೀಲಿನ ಹಲಗೆ, ಮೇಲೆ ಕ್ಯಾನ್ವಾಸ್. ಮುಚ್ಚಳ ಇಲ್ಲದ ಡಬ್ಬಿ. ನೀವು ಮುಚ್ಚಳ ಹಾಕಿದ್ದೀರಿ. ‘ನಾವು ಟಾರು ರಸ್ತೆಯಲ್ಲೇ ಹೋಗುವುದು’ ಎಂಬುದು ಎರಡನೆಯ ವಾದ. ಹಾಗಾದರೆ ಫೋರ್ ಬೈ ಫೋರ್ ಲಾರಿ ಎಂತಕ್ಕೆ? ಹೈವೇಯಿಂದ ಸರ್ವಿಸ್ ರಸ್ತೆಗೆ ಓರೆಯಾಗಿ ಇಳಿಯುವಾಗಲೂ, ಮುಳ್ಳೇರಿಯ, ಬಂದಡ್ಕ ಕಡೆಯ ಗುಡ್ಡೆ ಮನೆಯ ಮುರಕಲ್ಲಿನ ದಾರಿ ಹತ್ತುವಾಗಲೂ ಚಾಸಿ ತಿರುಚುತ್ತದೆ.

ಪರಿಹಾರ ದೊಡ್ಡ ಗುಟ್ಟೇನೂ ಅಲ್ಲ. ಪೆಟ್ಟಿಗೆಗೆ ಅದರದ್ದೇ ಒಂದು ಸಬ್‌ಫ್ರೇಮ್, ಅಂದರೆ ಅಡಿಗೆ ಬೇರೆ ಚೌಕಟ್ಟು, ಬೇಕು. 100x50 ಮಿಮೀ, 5 ಮಿಮೀ ದಪ್ಪದ ಆಯತ ಪೈಪ್ ಸಾಮಾನ್ಯವಾಗಿ ಸಾಕು. ಅದು ಚಾಸಿಯ ಮೇಲೆ ಉದ್ದಕ್ಕೂ ಕೂರಬೇಕು, ಆದರೆ ಹಿಂಭಾಗದಲ್ಲಿ ಮಾತ್ರ ಗಟ್ಟಿ ಪ್ಲೇಟಿನಿಂದ ಬಿಗಿಯಬೇಕು. ಕ್ಯಾಬಿನ್ ಕಡೆಗೆ ಎರಡು ಬದಿಯಲ್ಲೂ ಸ್ಪ್ರಿಂಗ್ ಜೋಡಣೆ: ಚಾಸಿಗೊಂದು, ಸಬ್‌ಫ್ರೇಮಿಗೊಂದು ಬ್ರಾಕೆಟ್, ನಡುವೆ ಎಂ16 (16 ಮಿಮೀ ದಪ್ಪದ) ಉದ್ದ ಬೋಲ್ಟ್, ಬೋಲ್ಟಿಗೆ ಗಟ್ಟಿ ಕಂಪ್ರೆಶನ್ ಸ್ಪ್ರಿಂಗ್, ಕೊನೆಗೆ ಅಲುಗಿ ಸಡಿಲವಾಗದ ನೈಲಾಕ್ ನಟ್. ಚಾಸಿ ತಿರುಚಿದಾಗ ಒಂದು ಬದಿ 40-50 ಮಿಮೀ ಎದ್ದು ಪುನಃ ಕೂರುವಷ್ಟು ಜಾಗ ಇರಲಿ. ಪೆಟ್ಟಿಗೆ ಅಡ್ಡಕ್ಕೆ ಜಾರದ ಹಾಗೆ ಬದಿಯಲ್ಲಿ ಗೈಡ್ ಪ್ಲೇಟು ಬೇಕೇ ಬೇಕು, ತುಂಬಾ ಜನ ಮರೆಯುವುದು ಇದನ್ನೇ. ಎರಡು ಕಬ್ಬಿಣ ಉಜ್ಜದಂತೆ ನಡುವೆ ನೈಲಾನ್ ಪಟ್ಟಿ. ಮರದ ಪಟ್ಟಿ ನಮ್ಮ ಊರಿಗಲ್ಲ, ಆಟಿಯ ಮಳೆಯಲ್ಲಿ ನೀರು ಕುಡಿದು ಅಡಿಯ ಚಾಸಿಯನ್ನೇ ತುಕ್ಕಿಗೆ ತಿನ್ನಿಸುತ್ತದೆ.

ಚಾಸಿಗೆ ತೂತು ಹಾಕುವುದಿದ್ದರೆ ಚಾನೆಲಿನ ನಿಂತ ಬದಿಗೆ ಮಾತ್ರ, ಸಾಧ್ಯವಾದರೆ ಮೊದಲೇ ಇರುವ ತೂತಿಗೆ. ಮೇಲಿನ, ಕೆಳಗಿನ ಮಡಿಕೆಗೆ ತೂತೂ ಬೇಡ, ವೆಲ್ಡಿಂಗೂ ಬೇಡ. ಅತಿ ಹೆಚ್ಚು ಎಳೆತ ಬೀಳುವುದು ಅಲ್ಲಿಗೆ, ಬಿರುಕು ಶುರುವಾಗುವುದೂ ಅಲ್ಲಿಂದ. ಬೋಲ್ಟ್ ಬಲದ ಲೆಕ್ಕದಲ್ಲಿ 8.8 ದರ್ಜೆಗಿಂತ ಕಡಿಮೆಯದ್ದು ಹಾಕಬೇಡಿ. ಕ್ಯಾಬಿನ್‌ಗೂ ಪೆಟ್ಟಿಗೆಗೂ ನಡುವೆ 10-15 ಸೆಂಮೀ ಅಂತರ ಬಿಡಿ. ಒಳಗಿಂದಲೇ ದಾರಿ ಬೇಕೆಂದರೆ ರಬ್ಬರ್ ಕ್ಯಾನ್ವಾಸಿನ ಮಡಿಕೆ ಹಾಕಿ, ತಗಡು ಹೊಡೆದರೆ ಮತ್ತೆ ಅದೇ ಕಥೆ.

ಆದರೆ ಇದನ್ನೆಲ್ಲ ಯಾರು ಕೇಳುತ್ತಾರೆ? ಲಾರಿ ಮನೆಗೆ ಬಂದ ಮರುದಿನ ಆಚಾರಿಯನ್ನು ಕರೆಸುವುದು. ವಾರ್ಡ್‌ರೋಬ್ ಎಲ್ಲಿ, ಎಲ್‌ಇಡಿ ಪಟ್ಟಿ ಎಲ್ಲಿ ಎಂಬುದೇ ಚರ್ಚೆ. ಎಂಟಡಿ ನಾಲ್ಕಡಿಯ 18 ಮಿಮೀ ಪ್ಲೈವುಡ್ ಒಂದು ಹಾಳೆ ಸುಮಾರು 35 ಕೆಜಿ ತೂಗುತ್ತದೆ. 20 ಹಾಳೆಗೆ 700 ಕೆಜಿ, ಅದೂ ಹೆಚ್ಚಿನದು ತಲೆಯ ಮಟ್ಟದಲ್ಲಿ. 200 ಲೀಟರ್ ನೀರಿನ ಟ್ಯಾಂಕನ್ನು ಹಿಂದಿನ ಆಕ್ಸಲ್‌ನ ಆಚೆ ತೂಗಿಸುತ್ತಾರೆ, ಎದುರು ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ. ಟ್ಯಾಂಕ್ ಕೆಳಗೆ, ಆಕ್ಸಲ್‌ನ ಮುಂದೆ, ನಡುವಿಗೆ ಬರಬೇಕು. ಇನ್ನು ಕೆಲವರು ತೂಕ ಕಡಿಮೆಯಾದರೆ ಒಳ್ಳೆಯದೇ ಎನ್ನುತ್ತಾರೆ. 5 ಟನ್ ಹೊರುವ ಲಾರಿಯ ಮೇಲೆ 2 ಟನ್ ಹೊರೆ ಇದ್ದರೆ ಪಟ್ಟೆ ಬಗ್ಗುವುದೇ ಇಲ್ಲ, ಗುಂಡಿಯ ಹೊಡೆತ ನೇರ ಪೆಟ್ಟಿಗೆಗೇ. ಅದಕ್ಕೆ ಪಟ್ಟೆಗಳ ಎಣಿಕೆ ಕಡಿಮೆ ಮಾಡುವುದಾದರೆ ಎರಡು ಬದಿಗೂ ಸಮ ಮಾಡಿ, ಪಟ್ಟೆ ಬಿಗಿಯುವ ಯು ಬೋಲ್ಟ್ ಹೊಸದು ಹಾಕಿ, 500 ಕಿಮೀ ಓಡಿದ ಮೇಲೆ ಪುನಃ ಬಿಗಿಯಿರಿ.

ಕರೆಂಟಿನದ್ದು ಇನ್ನೊಂದು. ಈ ಲಾರಿಗಳು 24 ವೋಲ್ಟಿನವು, ಎರಡು ಬ್ಯಾಟರಿ ಸರಣಿಯಲ್ಲಿ. 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯಿಂದ ವಯರ್ ಎಳೆದರೆ ಆ ಬ್ಯಾಟರಿ ಉಪವಾಸ, ಇನ್ನೊಂದಕ್ಕೆ ಅಜೀರ್ಣ. ಕೆಲವೇ ತಿಂಗಳಲ್ಲಿ ಎರಡೂ ಹೋಗುತ್ತವೆ. ಮನೆಯ ಭಾಗಕ್ಕೆ ಬೇರೆ ಬ್ಯಾಟರಿ ಇಟ್ಟು, ಲಾರಿಯ 24 ವೋಲ್ಟನ್ನು ಅದಕ್ಕೆ ಹೊಂದಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್‌ನಲ್ಲಿ ತುಂಬಿಸಿ. 50 ವ್ಯಾಟಿನ ಕಂಪ್ರೆಸರ್ ಫ್ರಿಜ್ ದಿನದ ಶೇ. 40 ಹೊತ್ತು ಓಡಿದರೂ 480 ವ್ಯಾಟ್-ಅವರ್, ಫ್ಯಾನ್ ಮತ್ತು ದೀಪ ಸೇರಿ 800 ಹಿಡಿಯಿರಿ. 12.8 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1280, ಅಂದರೆ ಸುಮಾರು ಒಂದೂವರೆ ದಿನಕ್ಕೆ. ಜೂನ್-ಜುಲೈಯಲ್ಲಿ ನಮ್ಮಲ್ಲಿ ಸೋಲಾರ್ ನಂಬಿ ಕೂತರೆ ಮೀನು ಕೊಳೆಯುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಆದ್ದರಿಂದ ಸಿಲಿಂಡರ್ ಗೂಡಿನ ತೂತು ನೆಲಮಟ್ಟದಲ್ಲಿ, ಹೊರಕ್ಕೆ ತೆರೆದಿರಬೇಕು. ಕಿಟಕಿ ಉಂಟಲ್ಲ ಅನ್ನಬೇಡಿ.

ಉಪ್ಪುಗಾಳಿಯ ಊರಲ್ಲಿ ಅಲ್ಯೂಮಿನಿಯಂ ಶೀಟನ್ನು ನೇರ ಕಬ್ಬಿಣದ ಫ್ರೇಮಿಗೆ ರಿವಿಟ್ ಹೊಡೆಯುವವರಿಗೆ ಎಂತ ಹೇಳುವುದು? ನಡುವೆ ಪಿಯು (ಪಾಲಿಯುರೆಥೇನ್) ಸೀಲಂಟ್ ಅಥವಾ ಟೇಪ್ ಇಲ್ಲದಿದ್ದರೆ ರಿವಿಟಿನ ಸುತ್ತ ಅಲ್ಯೂಮಿನಿಯಂ ಸವೆದು ಬಿಳಿ ಹಿಟ್ಟು ಏಳುತ್ತದೆ. ಬಿಸಿ ತಡೆಯಲು ಗೋಡೆಯೊಳಗೆ ಗ್ಲಾಸ್‌ವೂಲ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಶೀಟ್ 40 ಮಿಮೀ ಸಾಕು.

ಕಾಗದದ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿಗೆ ಬಂದಾಗ ಬಿಪಿ ಏರುತ್ತದೆ. ಮಿಲಿಟರಿ ಹರಾಜಿನ ಲಾಟಿನಲ್ಲಿ ಲಾರಿಯನ್ನು ಗುಜರಿ ಎಂದೇ ಮಾರಿದ್ದರೆ ಅದು ಗುಜರಿಯೇ, ಆರ್‌ಸಿಯ ಕನಸು ಬೇಡ. ಬಾಣದ ಗುರುತಿನ ಮಿಲಿಟರಿ ನಂಬರು ನಿಮ್ಮದಾಗುವುದಿಲ್ಲ. ಆರ್‌ಟಿಒದಲ್ಲಿ ಸಿವಿಲ್ ನೋಂದಣಿ ಆಗಬೇಕು, ಬಾಡಿ ಬದಲಿಸುವುದಕ್ಕೆ ಮೊದಲೇ ಅನುಮತಿ ಬೇಕು. ಕಂಪನಿಯ ಮೂಲ ವಿವರಕ್ಕೆ ವಿರುದ್ಧ ಮಾರ್ಪಾಡು ಮಾಡುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದ ಪ್ರಕರಣದಲ್ಲೇ. ಅದಕ್ಕೇ ಪೆಟ್ಟಿಗೆ ಕಟ್ಟಿ ಆಮೇಲೆ ಕೇಳಿದರಾಯಿತು ಎನ್ನುವುದು ಶುದ್ಧ ಮೂರ್ಖತನ.

ಒಪ್ಪಿಕೊಳ್ಳುತ್ತೇನೆ, ನಾಲ್ಕು ಜನರ ಸಂಸಾರಕ್ಕೆ ತಿರುಗಾಡಲು ಒಂದು ಸಾದಾ ವ್ಯಾನು ಸಾಕು. ಡೀಸೆಲೂ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ. ಆದರೂ ಅಂಥ ಲಾರಿ ಕಂಡರೆ ನನ್ನ ಕಾಲು ಬ್ರೇಕಿಗೆ ಹೋಗುತ್ತದೆ. ಹಾಗಿರುವುದಕ್ಕೇ ಈ ಸಿಟ್ಟು.

ಹಾಂ, ಬೇಕಲದ ಲಾರಿ ಇನ್ನೂ ಹಸಿರು ಬಣ್ಣದಲ್ಲೇ ಇತ್ತು. ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಗ್ರೀನ್ ಬಳಿಯಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮದ 121ರಲ್ಲಿ ಬರೆದಿದೆ. ಸಿಲಿಕೋನಿಗೆ ಖರ್ಚು ಮಾಡಿದ ದುಡ್ಡಲ್ಲಿ ಎರಡು ಡಬ್ಬಿ ಬೇರೆ ಪೈಂಟ್ ಬರುತ್ತಿತ್ತು.