ನಾಲೆ ನೆನೆಯುವಷ್ಟರಲ್ಲಿ ನೀರು ನಿಂತರೆ

ಬೆಳಿಗ್ಗೆ 10.15ಕ್ಕೆ ಸ್ಟ್ಯಾಂಡಪ್, ಅಂದರೆ ತಂಡದ ದಿನದ ಚಿಕ್ಕ ಮೀಟಿಂಗ್. 11.30ಕ್ಕೆ ಇನ್ನೊಂದು ತಂಡದ ಜೊತೆ ಕಾಲ್. 12.45ಕ್ಕೆ ರಿವ್ಯೂ. ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ 11 ವರ್ಷ ಆಯ್ತು, ಈಗ ಏಳು ಜನರ ತಂಡವನ್ನೂ ನೋಡಿಕೊಳ್ಳಬೇಕು, ಕೋಡನ್ನೂ ಬರೆಯಬೇಕು. ನನ್ನ ಕ್ಯಾಲೆಂಡರ್ ನೋಡಿದವರು “ಮಧ್ಯೆ ಮಧ್ಯೆ ಒಟ್ಟು ಒಂದೂವರೆ ಗಂಟೆ ಫ್ರೀ ಇದೀರಲ್ಲ ಮೇಡಂ” ಅಂತಾರೆ. ಆ ಒಂದೂವರೆ ಗಂಟೆಯಲ್ಲಿ ಯಾವತ್ತೂ ಒಂದು ಕೆಲಸ ಪೂರ್ತಿ ಆಗಿದ್ದಿಲ್ಲ. ನನ್ನಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ. ಅಲ್ಲ ಅಂತ ಅರ್ಥವಾಗಿದ್ದು ಅಪ್ಪನ ಮಾತಿನಿಂದ.

ನಮ್ಮದು ಮಳವಳ್ಳಿ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಲೆಕ್ಕದಲ್ಲಿ, ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ ಅಂತ ಪೇಪರಲ್ಲಿ ಓದಿ ಖುಷಿಯಿಂದ ಫೋನ್ ಮಾಡಿದೆ. “ಬುಟ್ಟವ್ರೆ ಕಣವ್ವ, ನಮ್ ಗದ್ದೆಗೆಲ್ ಬತ್ತದೆ? ಒಣಗಿರೋ ನಾಲೆ ನೆನೆಯಕ್ಕೇ ಅರ್ಧ ನೀರು ಓಯ್ತದೆ. ತುಂಬ್ಕೊಂಡ್ ಹರಿಯೋ ಹೊತ್ಗೆ ನಿಲ್ಲುಸ್ಬುಡ್ತಾರೆ” ಅಂದರು. ನನ್ನ ಒಂದೂವರೆ ಗಂಟೆಯ ಕಥೆಯೂ ಇದೇ: ತಲೆ ಕೆಲಸಕ್ಕೆ ಇಳಿಯುವಷ್ಟರಲ್ಲಿ ಮುಂದಿನ ಮೀಟಿಂಗ್.

ಹೋದ ತಿಂಗಳು ಒಂದೇ ಪೇಮೆಂಟ್ ಎರಡು ಸಲ ಕಡಿತವಾಗುತ್ತಿದ್ದ ತಪ್ಪನ್ನು ಹುಡುಕುತ್ತಿದ್ದೆ. ರಫ್ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಐದು ಚೌಕ ಬರೆದು, ಪೇಮೆಂಟ್ ಯಾವುದರಿಂದ ಯಾವುದಕ್ಕೆ ಹೋಗುತ್ತೆ ಅಂತ ಬಾಣ ಎಳೆಯುತ್ತಿದ್ದೆ. ಮೂರನೇ ಚೌಕದಿಂದ ಹೊರಟ ಬಾಣ ಅರ್ಧಕ್ಕೆ ಬಂದಿತ್ತು. “ಎರಡು ನಿಮಿಷ ಕಾಲ್‌ಗೆ ಬರ್ತೀರಾ?” ಅಂತ ಮೆಸೇಜ್. ಎರಡು ನಿಮಿಷ ನಲವತ್ತಾಯ್ತು. ವಾಪಸ್ ಬಂದು ಆ ಅರ್ಧ ಬಾಣವನ್ನೇ ನೋಡುತ್ತಾ ಕೂತೆ. ಎಲ್ಲಿಗೆ ಹೋಗಬೇಕಿತ್ತು ಅನ್ನೋದೇ ಮರೆತುಹೋಗಿತ್ತು. ಅಳು ಬಂತು.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಇದನ್ನು ತೋರಿಸಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತೆ, ಹೊಸದೂ ಸೊರಗುತ್ತೆ. ಅಂದರೆ ಆ ಕಾಲ್‌ನಲ್ಲೂ ನಾನು ಪೂರ್ತಿ ಇರಲಿಲ್ಲ.

ಮೀಟಿಂಗೇ ಬೇಡ ಅನ್ನುತ್ತಿಲ್ಲ. ಕೂತು ಮಾತಾಡದೆ ಬಗೆಹರಿಯದ ವಿಷಯ ಬೇಕಾದಷ್ಟಿವೆ. ಆದರೆ ಹಗಲನ್ನು ಮೀಟಿಂಗ್ ತಿಂದರೆ ಕೆಲಸ ರಾತ್ರಿಗೆ ಬೀಳುತ್ತೆ. ನಮ್ಮ ತಂಡದ ಹುಡುಗಿಯೊಬ್ಬಳು ಮಗು ಮಲಗಿಸಿ, ಪಾತ್ರೆ ತೊಳೆದಿಟ್ಟು, ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆಗೆಯುತ್ತಿದ್ದಳು. ಅವಳ ಹಗಲನ್ನು ಚೂರು ಮಾಡಿದವರಲ್ಲಿ ನಾನೂ ಒಬ್ಬಳು. ಮೀಟಿಂಗ್ ಕರೆಯುವ ಅಧಿಕಾರ ಇರುವವರು, ಆ ಕಾಲ್‌ನಲ್ಲಿ ಕೂತವರು ತಮ್ಮ ಕೆಲಸ ಎಷ್ಟು ಹೊತ್ತಿಗೆ ಮಾಡುತ್ತಾರೆ ಅಂತ ಒಮ್ಮೆ ಕೇಳಲೇಬೇಕು.

ಈಗ 9.30ರಿಂದ 12.30ರವರೆಗೆ ನಮ್ಮ ತಂಡದಲ್ಲಿ ಯಾವ ಮೀಟಿಂಗೂ ಇಲ್ಲ, ಎಲ್ಲ ಊಟದ ಮೇಲೆ. ಕ್ಲೈಂಟ್ ಒಪ್ಪಲ್ಲ ಅಂತ ಹೆದರಿಸಿದವರಿದ್ದರು. ಅವರಿರೋದು ಲಂಡನ್ನಿನಲ್ಲಿ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಮಧ್ಯಾಹ್ನ 2.30. ಬೆಳಗಿನ ಮೀಟಿಂಗ್‌ಗಳೆಲ್ಲ ನಾವೇ ನಮಗೆ ಹಾಕಿಕೊಂಡಿದ್ದು!

ಮೊದಲ ವಾರ ಹೊಸಬರಿಗೆ ಕಷ್ಟವಾಯ್ತು. ಡೌಟ್ ಬಂದರೆ ಮೂರು ಗಂಟೆ ಯಾರನ್ನು ಕೇಳೋದು? ಒಬ್ಬ ಹುಡುಗ ಇಡೀ ಬೆಳಿಗ್ಗೆ ತಪ್ಪು ದಾರಿಯಲ್ಲೇ ಹೋಗಿದ್ದ, ಪಾಪ. ಅದಕ್ಕೇ ಸರದಿ ಮಾಡಿಕೊಂಡಿದ್ದೇವೆ: ದಿನಕ್ಕೊಬ್ಬರು ಯಾರು ಏನು ಕೇಳಿದರೂ ಉತ್ತರಿಸಬೇಕು. ಬುಧವಾರ ನನ್ನದು, ಅವತ್ತು ಬೆಳಿಗ್ಗೆ ಕೋಡ್ ಮುಟ್ಟುವುದಿಲ್ಲ. ಉಳಿದ ದಿನ ತುರ್ತಾಗಿ ಯಾರಾದರೂ ಕರೆದರೆ, ಬಾಣ ಎಲ್ಲಿಗೆ ಹೋಗಬೇಕು ಅಂತ ಪಕ್ಕದಲ್ಲಿ ಒಂದು ಸಾಲು ಬರೆದೇ ಏಳುತ್ತೇನೆ.